ಉಚಿತ ಕ್ಯಾಡ್ ತಂತ್ರಾಂಶ: ಹೆಸರು ಆಮೇಲೆ, ಕೆಲಸ ಮೊದಲು

ಕಂಪ್ಯೂಟರ್‌ನಲ್ಲಿ ವಿನ್ಯಾಸ ಬಿಡಿಸುವುದನ್ನು ಕಲಿಯಲು ಹೊರಟವರೆಲ್ಲ ಮೊದಲು ಕೇಳುವುದು ‘ಯಾವ ತಂತ್ರಾಂಶ ಚೆನ್ನಾಗಿದೆ?’ ಎಂದು. ಐಟಿಐ ವಿದ್ಯಾರ್ಥಿ, ದೇವರಮನೆ ಬಾಗಿಲಿಗೆ ಸಿಎನ್‌ಸಿ ಕೆತ್ತನೆ ಮಾಡಿಸುವ ಬಡಗಿ, ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಹವ್ಯಾಸಿ, ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಸಣ್ಣ ವರ್ಕ್‌ಶಾಪ್ ನಡೆಸುವವರು, ಹೀಗೆ ಅಗತ್ಯ ಬೇರೆ ಬೇರೆಯಾದರೂ ಎಲ್ಲರಿಗೂ ಸಿಗುವುದು ಅದದೇ ಹತ್ತು ಹೆಸರುಗಳ ಪಟ್ಟಿ. ಪಟ್ಟಿಯ ಮೊದಲ ಹೆಸರನ್ನು ಇಳಿಸಿಕೊಂಡು, ಎರಡು ವಾರ ಒದ್ದಾಡಿ, ‘ಇದು ನಮ್ಮಂಥವರಿಗಲ್ಲ’ ಎಂದು ಕೈಬಿಡುವವರು ಬಹಳ. ಅವರ ಬುದ್ಧಿಗಾಗಲಿ ತಂತ್ರಾಂಶಕ್ಕಾಗಲಿ ಕೊರತೆಯಿರುವುದಿಲ್ಲ. ಕೇಳಿದ ಪ್ರಶ್ನೆಯೇ ಅರ್ಧವಾಗಿರುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡು: ನಾನು ಬಿಡಿಸಿದ ಫೈಲ್ ಕೊನೆಗೆ ಯಾರ ಕೈಗೆ ಹೋಗುತ್ತದೆ? ಐದು ವರ್ಷ ಕಳೆದ ಮೇಲೂ ಆ ಫೈಲನ್ನು ನಾನೇ ತೆರೆದು ತಿದ್ದಬಲ್ಲೆನೇ? ಈ ಎರಡಕ್ಕೆ ಉತ್ತರ ಸಿಕ್ಕರೆ ಪಟ್ಟಿಯ ಹತ್ತು ಹೆಸರುಗಳು ಒಂದೆರಡಕ್ಕೆ ಇಳಿಯುತ್ತವೆ. ಆ ದಾರಿಯನ್ನು ಇಲ್ಲಿ ಐದು ಹೆಜ್ಜೆಗಳಲ್ಲಿ ವಿವರಿಸಲಾಗಿದೆ.

ಹೆಜ್ಜೆ 1: ಫೈಲ್ ಎಲ್ಲಿಗೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ

ಕ್ಯಾಡ್ ಚಿತ್ರ ಪರದೆಯ ಮೇಲೆ ಮುಗಿಯುವ ಚಿತ್ರವಲ್ಲ. ಅದನ್ನು ನೋಡಿ ಯಾರೋ ಕಬ್ಬಿಣ ಕತ್ತರಿಸುತ್ತಾರೆ, ಪ್ಲೈವುಡ್ ಕೊರೆಯುತ್ತಾರೆ, ಗೋಡೆ ಕಟ್ಟುತ್ತಾರೆ. ಆ ‘ಯಾರೋ’ ಯಾವ ಫೈಲ್ ಕೇಳುತ್ತಾರೆ ಎಂಬುದರ ಮೇಲೆಯೇ ನಿಮ್ಮ ಆಯ್ಕೆ ನಿಂತಿದೆ. ಲೇಸರ್ ಕಟಿಂಗ್ ಅಂಗಡಿಯವರು ಸಾಮಾನ್ಯವಾಗಿ ಕೇಳುವುದು ಡಿಎಕ್ಸ್‌ಎಫ್. ಆಟೊಡೆಸ್ಕ್ ಕಂಪನಿ 1982ರಲ್ಲಿ ಆಟೊಕ್ಯಾಡ್‌ನ ಮೊದಲ ಆವೃತ್ತಿಯ ಜೊತೆಗೇ ತಂದ ಈ ಮಾದರಿಯನ್ನು ಇಂದು ಬಹುತೇಕ ಎಲ್ಲ ಕ್ಯಾಡ್ ತಂತ್ರಾಂಶಗಳೂ ಬರೆಯಬಲ್ಲವು. ಅದರಲ್ಲಿ ಗೆರೆಗಳು ನಿಜವಾದ ಅಳತೆಯಲ್ಲೇ ಇರಬೇಕು, ಆಕಾರದ ಅಂಚು ಎಲ್ಲೂ ಬಿಟ್ಟುಹೋಗದೆ ಮುಚ್ಚಿಕೊಂಡಿರಬೇಕು, ಒಂದರ ಮೇಲೊಂದು ಎರಡು ಗೆರೆ ಬಿದ್ದಿರಬಾರದು. ಬಿದ್ದಿದ್ದರೆ ಯಂತ್ರ ಅದೇ ಜಾಗವನ್ನು ಎರಡು ಸಲ ಕತ್ತರಿಸುತ್ತದೆ. ಇಷ್ಟೇ ನಿಮ್ಮ ಕೆಲಸವಾದರೆ ತ್ರೀಡಿ ತಂತ್ರಾಂಶದ ಗೋಜಿಗೆ ಹೋಗುವ ಅಗತ್ಯವೇ ಇಲ್ಲ.

ಲೇತ್ ಅಥವಾ ಮಿಲ್ಲಿಂಗ್ ಯಂತ್ರದಲ್ಲಿ ಕೈಯಿಂದ ಕೆಲಸ ಮಾಡುವವರಿಗೆ ಬೇಕಾದದ್ದು ಅಳತೆ, ಟಾಲರೆನ್ಸ್ ಎರಡನ್ನೂ ಸ್ಪಷ್ಟವಾಗಿ ಬರೆದ ಕಾಗದದ ಡ್ರಾಯಿಂಗ್. ಅಂಥವರಿಗೆ ಪಿಡಿಎಫ್ ಸಾಕು. ಆದರೆ ಒಂದು ಎಚ್ಚರ: ಭಾರತದಲ್ಲಿ ರೂಢಿಯಲ್ಲಿರುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್, ಅಮೆರಿಕದಲ್ಲಿ ಥರ್ಡ್ ಆ್ಯಂಗಲ್. ತಂತ್ರಾಂಶದ ಸೆಟ್ಟಿಂಗ್ ನೋಡದೆ ಡ್ರಾಯಿಂಗ್ ತೆಗೆದರೆ ಎಡಬದಿಯ ರಂಧ್ರ ಬಲಬದಿಯಲ್ಲಿ ಕೊರೆದು ಬರಬಹುದು. ಕಂಪ್ಯೂಟರ್ ನಡೆಸುವ ವಿಎಂಸಿ ಯಂತ್ರಕ್ಕೆ ಕೊಡುವುದಾದರೆ ಸ್ಟೆಪ್ ಫೈಲ್ ಕೇಳುತ್ತಾರೆ. ಇದು ಐಎಸ್‌ಒ 10303 ಎಂಬ ಅಂತರರಾಷ್ಟ್ರೀಯ ಮಾನಕ, 1994ರಿಂದ ಬಳಕೆಯಲ್ಲಿದೆ, ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ತ್ರೀಡಿ ಪ್ರಿಂಟರ್‌ಗೆ ಎಸ್‌ಟಿಎಲ್ ನಡೆಯುತ್ತದೆ. ಆದರೆ ಆ ಫೈಲ್‌ನಲ್ಲಿ ಬರೀ ಸಂಖ್ಯೆಗಳಿರುತ್ತವೆ, ಅವು ಮಿಲಿಮೀಟರೋ ಇಂಚೋ ಎಂಬುದು ಇರುವುದಿಲ್ಲ. ಹಾಗಾಗಿ ಕಳಿಸುವಾಗ ‘ಎಲ್ಲ ಅಳತೆ ಮಿಲಿಮೀಟರ್‌ನಲ್ಲಿ’ ಎಂದು ಪ್ರತ್ಯೇಕವಾಗಿ ಬರೆಯಬೇಕು. ಮನೆ ನಕ್ಷೆಯ ಕೆಲಸದಲ್ಲಿ ಎಂಜಿನಿಯರುಗಳ ನಡುವೆ ಓಡಾಡುವುದು ಡಿಡಬ್ಲ್ಯುಜಿ. 30×40 ಸೈಟಿನಲ್ಲಿ ಕೋಣೆಗಳನ್ನು ಹೇಗೆ ಕೂರಿಸಬಹುದು ಎಂದು ನೀವೇ ಬಿಡಿಸಿ ನೋಡಬಹುದು, ಅನುಮೋದನೆಗೆ ಕೊಡುವ ನಕ್ಷೆಗೆ ಮಾತ್ರ ನೋಂದಾಯಿತ ವೃತ್ತಿಪರರೇ ಬೇಕು. ಆದ್ದರಿಂದ ಮೊದಲ ಕೆಲಸ ಕಂಪ್ಯೂಟರ್ ಮುಂದೆ ಕೂರುವುದಲ್ಲ. ವಸ್ತು ಮಾಡಿಕೊಡುವವರಿಗೆ ಫೋನ್ ಮಾಡಿ ‘ನಿಮಗೆ ಯಾವ ಫೈಲ್ ಬೇಕು?’ ಎಂದು ಕೇಳುವುದು.

ಹೆಜ್ಜೆ 2: ‘ಉಚಿತ’ ಎಂದರೆ ಯಾವ ಬಗೆಯ ಉಚಿತ ಎಂದು ನೋಡಿ

ದುಡ್ಡು ಕೊಡಬೇಕಿಲ್ಲ ಎಂಬ ಒಂದೇ ಗುಣದಿಂದ ಎಲ್ಲ ಉಚಿತ ತಂತ್ರಾಂಶಗಳೂ ಒಂದೇ ಆಗುವುದಿಲ್ಲ. ಮೊದಲನೆಯ ಬಗೆ ಮುಕ್ತ ತಂತ್ರಾಂಶ: ಫ್ರೀಕ್ಯಾಡ್, ಲಿಬ್ರೆಕ್ಯಾಡ್, ಓಪನ್‌ಎಸ್‌ಕ್ಯಾಡ್, ಬ್ಲೆಂಡರ್ ಈ ಗುಂಪಿನವು. ಇವುಗಳ ಮೂಲ ಸಂಕೇತವೇ ಬಹಿರಂಗ. ಕಲಿಕೆಗೂ ಸಂಪಾದನೆಗೂ ಯಾವ ತಡೆಯಿಲ್ಲದೆ ಬಳಸಬಹುದು. ಎರಡನೆಯದು ಕಂಪನಿಗಳು ವೈಯಕ್ತಿಕ ಬಳಕೆಗೆಂದು ಕೊಡುವ ಉಚಿತ ಆವೃತ್ತಿ. ಆಟೊಡೆಸ್ಕ್‌ನ ಫ್ಯೂಷನ್, ಪಿಟಿಸಿ ಕಂಪನಿಯ ಆನ್‌ಶೇಪ್, ಟ್ರಿಂಬಲ್‌ನ ಸ್ಕೆಚಪ್ ಇವೆಲ್ಲ ಹೀಗೆ ಸಿಗುತ್ತವೆ. ಇವು ನಯವಾದ, ಬಲವಾದ ತಂತ್ರಾಂಶಗಳು. ಆದರೆ ಷರತ್ತುಗಳಿವೆ. ಮುಖ್ಯ ಷರತ್ತು, ಇವನ್ನು ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ ಎಂಬುದು. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನೀವು ಮಾಡಿದ ವಿನ್ಯಾಸ ಸಾರ್ವಜನಿಕವಾಗಿರುತ್ತದೆ, ಯಾರು ಬೇಕಾದರೂ ನೋಡಬಹುದು. ಕಾಲೇಜು ಪ್ರಾಜೆಕ್ಟಿಗೆ ಅದರಿಂದ ತೊಂದರೆಯಿಲ್ಲ. ಗ್ರಾಹಕರು ನಂಬಿ ಕೊಟ್ಟ ಬಿಡಿಭಾಗದ ವಿನ್ಯಾಸವಾದರೆ ಅದು ದೊಡ್ಡ ತಪ್ಪು. ಮೂರನೆಯದು ಶಿಕ್ಷಣ ಪರವಾನಗಿ. ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಆಟೊಡೆಸ್ಕ್ ತನ್ನ ವೃತ್ತಿಪರ ತಂತ್ರಾಂಶಗಳನ್ನೇ ಒಂದು ವರ್ಷದ ಮಟ್ಟಿಗೆ ಕೊಡುತ್ತದೆ. ಅರ್ಹತೆ ಇರುವ ತನಕ ನವೀಕರಿಸಿಕೊಳ್ಳಬಹುದು, ಓದು ಮುಗಿದ ಮೇಲೆ ಇಲ್ಲ.

ಕಂಪನಿ ಕೊಡುವ ಉಚಿತ ಸೌಲಭ್ಯ ಕಂಪನಿಯ ಇಷ್ಟದ ಮೇಲೆ ನಿಂತಿರುತ್ತದೆ ಎಂಬುದು ಬರೀ ಅನುಮಾನವಲ್ಲ. ಡಸ್ಸೋ ಸಿಸ್ಟಮ್ಸ್‌ನ ಡ್ರಾಫ್ಟ್‌ಸೈಟ್ ವರ್ಷಗಟ್ಟಲೆ ಉಚಿತವಾಗಿತ್ತು. ಆಟೊಕ್ಯಾಡ್‌ಗೆ ಬದಲಿಯೆಂದು ಅನೇಕ ಸಣ್ಣ ಕಚೇರಿಗಳು ಅದನ್ನೇ ನೆಚ್ಚಿಕೊಂಡಿದ್ದವು. 2019ರ ಕೊನೆಗೆ ಆ ಉಚಿತ ಆವೃತ್ತಿ ನಿಂತುಹೋಯಿತು, ಮುಂದುವರಿಯಬೇಕೆಂದವರು ಹಣ ಕಟ್ಟಬೇಕಾಯಿತು. ಸ್ಕೆಚಪ್‌ಗೆ ಕಂಪ್ಯೂಟರ್‌ನಲ್ಲೇ ಅನುಸ್ಥಾಪಿಸುವ ಉಚಿತ ಆವೃತ್ತಿ ಇತ್ತು. 2017ರದ್ದೇ ಕೊನೆಯದಾಗಿ, ಆಮೇಲೆ ಅದರ ಉಚಿತ ರೂಪ ಬ್ರೌಸರ್‌ಗೆ ಸರಿಯಿತು. 2020ರಲ್ಲಿ ಆಟೊಡೆಸ್ಕ್ ಫ್ಯೂಷನ್‌ನ ವೈಯಕ್ತಿಕ ಪರವಾನಗಿಯನ್ನು ಬಿಗಿ ಮಾಡಿ, ತಿದ್ದಬಹುದಾದ ಸಕ್ರಿಯ ಫೈಲ್‌ಗಳನ್ನು ಹತ್ತಕ್ಕೆ ಮಿತಿಗೊಳಿಸಿತು. ಸ್ಟೆಪ್ ಮಾದರಿಯಲ್ಲಿ ಫೈಲ್ ಹೊರತೆಗೆಯುವ ಸೌಲಭ್ಯವನ್ನೂ ತೆಗೆಯುವುದಾಗಿ ಹೇಳಿ, ಬಳಕೆದಾರರು ಪ್ರತಿಭಟಿಸಿದ ಮೇಲೆ ಅದನ್ನು ಉಳಿಸಿಕೊಂಡಿತು. ಇವೆಲ್ಲ ಕಂಪನಿಗಳ ನ್ಯಾಯಬದ್ಧ ಹಕ್ಕು, ದೂರುವ ಹಾಗಿಲ್ಲ. ಆದರೆ ಕಲಿಯುವವರು ಇದರಿಂದ ತಿಳಿಯಬೇಕಾದದ್ದಿದೆ. ಮುಕ್ತ ತಂತ್ರಾಂಶದಲ್ಲಿ ನಾಳೆ ಅಭಿವೃದ್ಧಿಯೇ ನಿಂತರೂ ಇಂದು ಇಳಿಸಿಕೊಂಡ ಆವೃತ್ತಿಯನ್ನು ಬಳಸುವ ಹಕ್ಕು ನಿಮ್ಮದಾಗಿಯೇ ಉಳಿಯುತ್ತದೆ. ಆ ಖಾತರಿ ಉಳಿದ ಎರಡು ಬಗೆಗಳಲ್ಲಿ ಇಲ್ಲ.

ಹೆಜ್ಜೆ 3: ಕೆಲಸಕ್ಕೆ ತಕ್ಕ ಒಂದನ್ನು ಆರಿಸಿ

ಬರೀ ಗೆರೆಯ ಡ್ರಾಯಿಂಗ್, ಲೇಸರ್ ಕಟಿಂಗ್, ಗ್ರಿಲ್ ಅಥವಾ ಗೇಟಿನ ವಿನ್ಯಾಸ ನಿಮ್ಮ ಗುರಿಯಾದರೆ ಲಿಬ್ರೆಕ್ಯಾಡ್ ಸಾಕು. ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುತ್ತದೆ. ಡಿಎಕ್ಸ್‌ಎಫ್ ಅದರ ಸಹಜ ಭಾಷೆ. ಡಿಡಬ್ಲ್ಯುಜಿ ಫೈಲುಗಳಲ್ಲಿ ಕೆಲವನ್ನಷ್ಟೇ ಓದುತ್ತದೆ, ಆ ಮಾದರಿಯಲ್ಲಿ ಉಳಿಸಲಾರದು. ಹಾಗಾಗಿ ದಿನವೂ ಡಿಡಬ್ಲ್ಯುಜಿ ವಿನಿಮಯ ಮಾಡುವವರಿಗೆ ಇದು ಹೊಂದುವುದಿಲ್ಲ. ಮನೆಯ ಒಳಾಂಗಣ ಜೋಡಣೆ, ಅಂದರೆ ಮಂಚ ಎಲ್ಲಿ, ಬೀರು ಎಲ್ಲಿ, ಅಡುಗೆಮನೆ ಕಟ್ಟೆ ಎಷ್ಟು ಉದ್ದ ಎಂದು ನೋಡಲು ಸ್ವೀಟ್ ಹೋಮ್ ತ್ರೀಡಿ ಎಂಬ ಮುಕ್ತ ತಂತ್ರಾಂಶವಿದೆ. ಅದರಲ್ಲಿ ಗೋಡೆ ಎಳೆಯುತ್ತಿದ್ದಂತೆಯೇ ತ್ರೀಡಿ ನೋಟವೂ ಪಕ್ಕದಲ್ಲಿ ಮೂಡುತ್ತದೆ. ಶಾಲಾ ಮಕ್ಕಳಿಗೆ, ಅಥವಾ ತ್ರೀಡಿ ಎಂದರೇನೆಂದೇ ತಿಳಿಯದವರಿಗೆ ಮೊದಲ ಕೆಲವು ದಿನಗಳ ಮಟ್ಟಿಗೆ ಬ್ರೌಸರ್‌ನಲ್ಲೇ ನಡೆಯುವ ಟಿಂಕರ್‌ಕ್ಯಾಡ್ ಒಳ್ಳೆಯದು. ಪೆಟ್ಟಿಗೆ, ಸಿಲಿಂಡರ್‌ಗಳನ್ನು ಕೂಡಿಸಿ, ಕಳೆದು ವಸ್ತು ಮಾಡುವುದನ್ನು ಕಲಿಸುತ್ತದೆ. ಪ್ರೋಗ್ರಾಮಿಂಗ್ ಬಲ್ಲವರಿಗೆ ಓಪನ್‌ಎಸ್‌ಕ್ಯಾಡ್ ಹಿಡಿಸಬಹುದು. ಅಲ್ಲಿ ಚಿತ್ರವನ್ನು ಮೌಸ್‌ನಿಂದ ಎಳೆಯುವುದಿಲ್ಲ, ಸಾಲುಸಾಲಾಗಿ ಬರೆಯುತ್ತೀರಿ.

ಯಂತ್ರದ ಬಿಡಿಭಾಗ, ಜಿಗ್, ಬ್ರ್ಯಾಕೆಟ್, ಪೀಠೋಪಕರಣ ಹೀಗೆ ಅಳತೆಯೇ ಪ್ರಾಣವಾದ ತ್ರೀಡಿ ಕೆಲಸಕ್ಕೆ ಫ್ರೀಕ್ಯಾಡ್ ನನ್ನ ಶಿಫಾರಸು. 2002ರಲ್ಲಿ ಬೆಳಕಿಗೆ ಬಂದ ಈ ಯೋಜನೆ 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ತಲುಪಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ತ್ರೀಡಿ ಮಾದರಿಯಿಂದಲೇ ಅಳತೆ ಹಾಕಿದ ಕಾಗದದ ಡ್ರಾಯಿಂಗ್ ತೆಗೆಯುವ ವಿಭಾಗ, ಬಿಡಿಭಾಗಗಳನ್ನು ಜೋಡಿಸುವ ವಿಭಾಗ, ಕಟ್ಟಡ ವಿನ್ಯಾಸದ ವಿಭಾಗ ಎಲ್ಲವೂ ಅದರೊಳಗೇ ಇವೆ. ಇಲ್ಲಿ ಬ್ಲೆಂಡರ್‌ನ ಮಾತು ಬರುತ್ತದೆ. ಅದು ಅದ್ಭುತ ತಂತ್ರಾಂಶ. ಆನಿಮೇಷನ್, ಮೂರ್ತಿಯಂಥ ಬಾಗುಬಳುಕಿನ ಆಕಾರ, ಅಲಂಕಾರದ ಕೆತ್ತನೆಗೆ ಹೇಳಿ ಮಾಡಿಸಿದ್ದು. ಆದರೆ ಅದು ವಸ್ತುವಿನ ಮೇಲ್ಮೈಯನ್ನು ಚಪ್ಪಟೆ ಮುಖಗಳ ಜಾಲವಾಗಿ ಇಟ್ಟುಕೊಳ್ಳುತ್ತದೆ. ಅದರ ವೃತ್ತ ನಿಜವಾಗಿ ಹಲವು ಬದಿಗಳ ಬಹುಭುಜ. ಫ್ರೀಕ್ಯಾಡ್‌ನಂಥ ಘನಮಾದರಿ ತಂತ್ರಾಂಶದಲ್ಲಿ 10 ಮಿ.ಮೀ. ರಂಧ್ರ ನಿಜವಾದ ವೃತ್ತವಾಗಿಯೇ ಉಳಿಯುತ್ತದೆ, ಸ್ಟೆಪ್ ಫೈಲಿನಲ್ಲಿ ಹಾಗೇ ಹೋಗುತ್ತದೆ, ಯಂತ್ರದವರು ಅದರ ವ್ಯಾಸವನ್ನು ನೇರವಾಗಿ ಓದಿಕೊಳ್ಳುತ್ತಾರೆ. ಬೇರಿಂಗ್ ಕೂರುವ ಜಾಗ ಬಿಡಿಸಲು ಬ್ಲೆಂಡರ್ ಹಿಡಿದವರೂ, ಗಣಪನ ಮೂರ್ತಿ ಮಾಡಲು ಫ್ರೀಕ್ಯಾಡ್ ಹಿಡಿದವರೂ ಸಮನಾಗಿ ಕಷ್ಟಪಡುತ್ತಾರೆ.

ಆಯ್ಕೆಯಲ್ಲಿ ನಿಮ್ಮ ಊರಿನ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ರೌಸರ್‌ನಲ್ಲಿ ನಡೆಯುವ ತಂತ್ರಾಂಶಕ್ಕೆ ದುಬಾರಿ ಕಂಪ್ಯೂಟರ್ ಬೇಕಿಲ್ಲ, ಆದರೆ ಇಂಟರ್ನೆಟ್ ಹೋದರೆ ಕೆಲಸವೂ ಹೋಗುತ್ತದೆ. ಅನುಸ್ಥಾಪಿಸಿಕೊಂಡ ತಂತ್ರಾಂಶ ನೆಟ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ. ಯಾವುದನ್ನೇ ಆರಿಸಿದರೂ ನಡುವೆ ಚಕ್ರವಿರುವ ಸಾದಾ ಮೌಸ್ ಒಂದನ್ನು ಕೊಂಡುಕೊಳ್ಳಿ. ತ್ರೀಡಿ ವಸ್ತುವನ್ನು ತಿರುಗಿಸುವುದು, ಸರಿಸುವುದು, ಹತ್ತಿರಕ್ಕೆ ತರುವುದು ಎಲ್ಲವೂ ಆ ಚಕ್ರದ ಬಟನ್ನನ್ನು ನೆಚ್ಚಿಕೊಂಡಿವೆ. ಟಚ್‌ಪ್ಯಾಡಿನಲ್ಲಿ ಶುರುಮಾಡಿದರೆ ಅರ್ಧ ಶಕ್ತಿ ಅದಕ್ಕೇ ಸೋರಿಹೋಗುತ್ತದೆ.

ಹೆಜ್ಜೆ 4: ಒಂದು ಬ್ರ್ಯಾಕೆಟ್ ಬಿಡಿಸಿ ಪರೀಕ್ಷಿಸಿ

ತಂತ್ರಾಂಶದ ಯೋಗ್ಯತೆ ತಿಳಿಯಲು ವಿಡಿಯೊ ನೋಡುವುದಕ್ಕಿಂತ ಒಂದು ಸಣ್ಣ ವಸ್ತುವನ್ನು ಪೂರ್ತಿಯಾಗಿ ಬಿಡಿಸುವುದು ಲೇಸು. ಗೋಡೆಗೆ ಶೆಲ್ಫ್ ಹಿಡಿಸುವ ಎಲ್ ಆಕಾರದ ಬ್ರ್ಯಾಕೆಟ್ ಇದಕ್ಕೆ ತಕ್ಕುದು. ಒಂದು ತೋಳು 60 ಮಿ.ಮೀ., ಇನ್ನೊಂದು 40, ಅಗಲ 30, ದಪ್ಪ 5, ಪ್ರತಿ ತೋಳಿನಲ್ಲೂ ಎಂ6 ಬೋಲ್ಟ್ ಸಲೀಸಾಗಿ ತೂರುವಂತೆ 6.6 ಮಿ.ಮೀ. ರಂಧ್ರ. ಫ್ರೀಕ್ಯಾಡ್‌ನಲ್ಲಾದರೆ ಪಾರ್ಟ್ ಡಿಸೈನ್ ವಿಭಾಗಕ್ಕೆ ಹೋಗಿ, ಬಾಡಿ ತೆರೆದು, ಸ್ಕೆಚ್‌ನಲ್ಲಿ ಎಲ್ ಆಕಾರವನ್ನು ಅಂದಾಜಿಗೆ ಎಳೆಯಿರಿ. ಆಮೇಲೆ ಒಂದೊಂದೇ ನಿಬಂಧನೆ ಹಾಕಿ: ಈ ಗೆರೆ ಅಡ್ಡ, ಇದು ಲಂಬ, ಇದರ ಉದ್ದ 60, ಈ ಎರಡು ಸಮ. ಆಕಾರ ಅಲುಗಾಡಲು ಎಲ್ಲೂ ಅವಕಾಶ ಉಳಿಯದಿದ್ದಾಗ ಗೆರೆಗಳು ಹಸಿರಾಗುತ್ತವೆ. ಪ್ಯಾಡ್ ಆಜ್ಞೆಯಿಂದ ಅದನ್ನು 30 ಮಿ.ಮೀ. ಘನವಾಗಿಸಿ, ತೋಳುಗಳ ಮೇಲೆ ರಂಧ್ರ ಕೊರೆಯಿರಿ.

ನಿಜವಾದ ಪರೀಕ್ಷೆ ಶುರುವಾಗುವುದು ಈಗ. ಮೊದಲ ಸ್ಕೆಚ್‌ಗೆ ಮರಳಿ 60 ಇದ್ದದ್ದನ್ನು 75 ಮಾಡಿ, ದಪ್ಪವನ್ನು 5ರಿಂದ 6ಕ್ಕೆ ಏರಿಸಿ. ತೋಳು ಬೆಳೆದಾಗ ರಂಧ್ರ ನೀವು ಬಯಸಿದ ಅಂಚಿನಿಂದ ಅದೇ ದೂರದಲ್ಲಿ ನಿಂತಿತೇ? ಮಾದರಿ ದೋಷ ತೋರಿಸದೆ ತಾನಾಗಿ ಹೊಂದಿಕೊಂಡಿತೇ? ಅದರಿಂದ ಮೂರು ನೋಟಗಳ ಡ್ರಾಯಿಂಗ್ ತೆಗೆದು ಪಿಡಿಎಫ್ ಮಾಡಲು ಬಂತೇ? ಸ್ಟೆಪ್ ಫೈಲ್ ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆದಾಗ ಅಳತೆಗಳು ಹಾಗೇ ಇದ್ದವೇ? ಇದೇ ಬ್ರ್ಯಾಕೆಟನ್ನು ನೀವು ಪರಿಶೀಲಿಸುತ್ತಿರುವ ಇನ್ನೊಂದು ತಂತ್ರಾಂಶದಲ್ಲೂ ಬಿಡಿಸಿ ಹೋಲಿಸಿ. ಅಳತೆ ಬದಲಾಗುವುದು ವಿನ್ಯಾಸದ ನಿತ್ಯಧರ್ಮ. ಮೊದಲ ಸಲ ಬಿಡಿಸುವುದು ಎಷ್ಟು ಸುಲಭ ಎಂಬುದಕ್ಕಿಂತ ಹತ್ತನೆಯ ಸಲ ತಿದ್ದುವುದು ಎಷ್ಟು ಸುಲಭ ಎಂಬುದೇ ಮುಖ್ಯ. ಜಾಹೀರಾತಿನ ಪುಟಗಳಲ್ಲಿ ಕಾಣದ ಈ ವ್ಯತ್ಯಾಸ ಒಂದು ಬ್ರ್ಯಾಕೆಟ್‌ನಲ್ಲಿ ಕಾಣುತ್ತದೆ.

ಹೆಜ್ಜೆ 5: ಮೊದಲ ದಿನದಿಂದಲೇ ಫೈಲ್ ಕಾಪಾಡಿ

ಪ್ರತಿ ಕೆಲಸಕ್ಕೂ ಮೂರು ಪ್ರತಿ ಉಳಿಸಿ. ತಂತ್ರಾಂಶದ ಸ್ವಂತ ಮಾದರಿಯಲ್ಲೊಂದು, ಸ್ಟೆಪ್ ಅಥವಾ ಡಿಎಕ್ಸ್‌ಎಫ್‌ನಲ್ಲೊಂದು, ಪಿಡಿಎಫ್‌ನಲ್ಲೊಂದು. ಮೂರೂ ಏಕೆ ಎಂದರೆ ಒಂದೊಂದೂ ಒಂದೊಂದನ್ನು ಕಾಪಾಡುತ್ತದೆ. ಸ್ಟೆಪ್ ಫೈಲ್ ಎಲ್ಲ ಕಡೆ ತೆರೆದುಕೊಳ್ಳುತ್ತದೆ, ಆದರೆ ಅದರಲ್ಲಿ ಆಕಾರ ಮಾತ್ರ ಇರುತ್ತದೆ. ನೀವು ಯಾವ ಸ್ಕೆಚ್‌ಗೆ ಯಾವ ಅಳತೆ ಕೊಟ್ಟು ಅದನ್ನು ಕಟ್ಟಿದಿರಿ ಎಂಬ ಚರಿತ್ರೆ ಸ್ವಂತ ಮಾದರಿಯಲ್ಲಷ್ಟೇ ಉಳಿಯುತ್ತದೆ. ಪಿಡಿಎಫ್ ಇದ್ದರೆ ಯಾವ ತಂತ್ರಾಂಶವೂ ಇಲ್ಲದ ದಿನ ಅಳತೆ ಓದಿ ಮತ್ತೆ ಬಿಡಿಸಬಹುದು. ಕ್ಲೌಡ್ ತಂತ್ರಾಂಶ ಬಳಸುವವರು ತಿಂಗಳಿಗೊಮ್ಮೆಯಾದರೂ ಎಲ್ಲವನ್ನೂ ಹೊರತೆಗೆದು ತಮ್ಮ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬೇಕು. ಫೈಲಿನ ಹೆಸರಿನಲ್ಲೇ ವಸ್ತು, ದಿನಾಂಕ ಬರಲಿ. ‘ಹೊಸದು’, ‘ಕೊನೆಯದು’ ಎಂಬ ಹೆಸರುಗಳು ವಾರ ಕಳೆದರೆ ಅರ್ಥ ಕಳೆದುಕೊಳ್ಳುತ್ತವೆ. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಷ್ಟೇ ಇಳಿಸಿಕೊಳ್ಳಿ.

ಕೇಳಿಬರುವ ಆಕ್ಷೇಪಗಳು

ಇಷ್ಟು ಹೇಳಿದಾಗ ಏಳುವ ಮೊದಲ ಆಕ್ಷೇಪ ಕೆಲಸದ ಕುರಿತದ್ದು: ‘ಕಂಪನಿಗಳು ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಕೇಳುತ್ತವೆ. ಫ್ರೀಕ್ಯಾಡ್ ಕಲಿತು ಏನು ಪ್ರಯೋಜನ?’ ಈ ಮಾತಿನಲ್ಲಿ ಸತ್ಯವಿದೆ. ಕೆಲಸದ ಪ್ರಕಟಣೆಗಳಲ್ಲಿ ಆ ಹೆಸರುಗಳೇ ಇರುತ್ತವೆ. ವಿದ್ಯಾರ್ಥಿಯಾಗಿದ್ದರೆ ಶಿಕ್ಷಣ ಪರವಾನಗಿಯಿಂದ ಅವನ್ನು ಕಲಿಯುವುದೇ ಸರಿ. ಆದರೆ ಕಲಿಯಬೇಕಾದ ವಿದ್ಯೆ ಬಟನ್ನುಗಳ ಜಾಗವಲ್ಲ. ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯ ಪಿಎಚ್‌ಡಿಗಾಗಿ ಮಾಡಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲೇ ಗೆರೆಗಳಿಗೆ ನಿಬಂಧನೆ ಹಾಕುವ ಕಲ್ಪನೆ ಇತ್ತು. ಇಂದಿನ ಫ್ರೀಕ್ಯಾಡ್, ಫ್ಯೂಷನ್, ಸಾಲಿಡ್‌ವರ್ಕ್ಸ್ ಮೂರೂ ಅದೇ ತತ್ವದ ಮೇಲೆ ನಿಂತಿವೆ. ಸ್ಕೆಚ್ ಬಿಡಿಸಿ, ನಿಬಂಧನೆ ಹಾಕಿ, ಘನವಾಗಿಸಿ, ಕೊರೆದು, ಡ್ರಾಯಿಂಗ್ ತೆಗೆಯುವ ಕ್ರಮ ಒಂದೇ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೊಂದಿಕೊಳ್ಳಲು ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. ಡ್ರಾಯಿಂಗ್ ಓದಲು, ಟಾಲರೆನ್ಸ್ ಹಾಕಲು ಬಾರದವರನ್ನು ಯಾವ ತಂತ್ರಾಂಶದ ಪ್ರಮಾಣಪತ್ರವೂ ಬಹಳ ದಿನ ಕಾಪಾಡುವುದಿಲ್ಲ.

‘ಹಾಗಾದರೆ ಕ್ರ್ಯಾಕ್ ಮಾಡಿದ ಪ್ರತಿ ಹಾಕಿಕೊಂಡರಾಯಿತು’ ಎಂಬ ಸಲಹೆಯೂ ಸುಲಭವಾಗಿ ಸಿಗುತ್ತದೆ. ಅದನ್ನು ಸ್ಪಷ್ಟವಾಗಿ ತಿರಸ್ಕರಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ತಂತ್ರಾಂಶದ ಅಕ್ರಮ ಪ್ರತಿಯನ್ನು ಗೊತ್ತಿದ್ದೂ ಬಳಸುವುದು ಅಪರಾಧ. ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡದ ಅವಕಾಶ ಅದರಲ್ಲಿದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆವಾಸ ವಿಧಿಸದಿರಬಹುದು, ಆದರೆ ಸಣ್ಣ ವರ್ಕ್‌ಶಾಪ್ ನಡೆಸುವವರ ಬಳಕೆ ಲಾಭಕ್ಕಾಗಿಯೇ ಇರುತ್ತದೆ. ಕ್ರ್ಯಾಕ್ ಫೈಲುಗಳ ಜೊತೆ ಬರುವ ವೈರಸ್ ಗ್ರಾಹಕರ ಡ್ರಾಯಿಂಗುಗಳನ್ನೇ ನುಂಗಿಹಾಕುವ ಅಪಾಯ ಬೇರೆ. ಸಂಪಾದನೆಗೂ ಮುಕ್ತವಾಗಿ ಬಳಸಬಹುದಾದ ತಂತ್ರಾಂಶ ಕೈಗೆ ಸಿಗುವಾಗ ಈ ಅಪಾಯಕ್ಕೆ ಇಳಿಯಲು ಕಾರಣವೇ ಇಲ್ಲ.

ಮೂರನೆಯ ಆಕ್ಷೇಪ, ಫ್ರೀಕ್ಯಾಡ್ ಕಷ್ಟ ಎಂಬುದು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ವಿಭಾಗಗಳು ಬಹಳ, ಪರದೆ ಗಜಿಬಿಜಿ. ಹಿಂದೆ ಮಾದರಿಯ ಆರಂಭದ ಅಳತೆ ತಿದ್ದಿದರೆ ಮುಖ, ಅಂಚುಗಳ ಒಳಗಿನ ಗುರುತು ಅದಲುಬದಲಾಗಿ ಮುಂದಿನ ರಂಧ್ರ, ಬಾಗುಗಳು ಮುರಿದುಬೀಳುವ ಕುಖ್ಯಾತ ತೊಡಕೂ ಇತ್ತು. 1.0 ಆವೃತ್ತಿ ಅದನ್ನು ಬಹುಮಟ್ಟಿಗೆ ತಗ್ಗಿಸಿದೆ, ಪೂರ್ತಿ ಅಳಿಸಿಲ್ಲ. ಹಾಗಾಗಿ ಇಂದು ಕಲಿಯುವವರು ಹಳೆಯ ಆವೃತ್ತಿಯ ಪಾಠಗಳನ್ನು ಬಿಟ್ಟು 1.0 ಅಥವಾ ಅದರ ನಂತರದ ಪಾಠಗಳನ್ನೇ ಹುಡುಕಬೇಕು. ಮೊದಲ ತಿಂಗಳು ಸ್ಕೆಚ್, ಪಾರ್ಟ್ ಡಿಸೈನ್, ಡ್ರಾಯಿಂಗ್ ತೆಗೆಯುವ ಟೆಕ್‌ಡ್ರಾ ಈ ಮೂರು ವಿಭಾಗಗಳನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬಾರದು. ಅಷ್ಟಾದರೂ ಕೈಗೆ ಹತ್ತದಿದ್ದರೆ, ಕೆಲಸ ಹವ್ಯಾಸದ್ದೇ ಆಗಿದ್ದರೆ, ಫ್ಯೂಷನ್ ಅಥವಾ ಆನ್‌ಶೇಪ್ ಬಳಸುವುದರಲ್ಲಿ ತಪ್ಪಿಲ್ಲ. ಷರತ್ತು ಓದಿ, ಫೈಲನ್ನು ಆಗಾಗ ಹೊರತೆಗೆಯುತ್ತ ಬಳಸಿ. ಮುಕ್ತ ತಂತ್ರಾಂಶವೇ ಬೇಕು ಎಂಬ ಹಟಕ್ಕಿಂತ ಕಲಿಕೆ ನಿಲ್ಲದಿರುವುದು ಮುಖ್ಯ.

ಕನ್ನಡದಲ್ಲಿ ಕಲಿಯಲು ಸಾಮಗ್ರಿ ಸಾಲದು ಎಂಬ ಕೊರಗೂ ನ್ಯಾಯವಾದದ್ದೇ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಧ್ವನಿ ನೀಡಿ ತರುತ್ತ ಬಂದಿದೆ. ಕ್ಯಾಡ್‌ಗೆ ಆ ಬಗೆಯ ಕೆಲಸ ಇನ್ನೂ ಬಹಳಷ್ಟು ಆಗಬೇಕು. ಡ್ರಾಫ್ಟ್ಸ್‌ಮನ್ ವಿಭಾಗವಿರುವ ಐಟಿಐಗಳು, ಪಾಲಿಟೆಕ್ನಿಕ್‌ಗಳು ಮುಕ್ತ ತಂತ್ರಾಂಶವನ್ನೂ ಪ್ರಯೋಗಾಲಯದಲ್ಲಿ ಇಟ್ಟು ಕನ್ನಡದಲ್ಲಿ ಕಲಿಸಿದರೆ ವಿದ್ಯಾರ್ಥಿ ಮನೆಗೆ ಹೋಗಿಯೂ ಅದೇ ಅಭ್ಯಾಸ ಮುಂದುವರಿಸಬಹುದು. ಕಾಲೇಜಿನ ಕಂಪ್ಯೂಟರಿನಲ್ಲಷ್ಟೇ ಪರವಾನಗಿ ಇರುವ ತಂತ್ರಾಂಶದಿಂದ ಆ ಅನುಕೂಲ ಸಿಗುವುದಿಲ್ಲ.

ಒಟ್ಟಿನಲ್ಲಿ ಕ್ರಮ ಇಷ್ಟು: ವಸ್ತು ಮಾಡಿಕೊಡುವವರನ್ನು ಕೇಳಿ ಫೈಲಿನ ಮಾದರಿ ತಿಳಿಯಿರಿ, ಪರವಾನಗಿಯ ಷರತ್ತು ಓದಿ, ಕೆಲಸಕ್ಕೆ ಹೊಂದುವ ಒಂದೆರಡನ್ನು ಇಳಿಸಿಕೊಳ್ಳಿ, ಬ್ರ್ಯಾಕೆಟ್ ಬಿಡಿಸಿ ತಿದ್ದಿ ನೋಡಿ, ಗೆದ್ದದ್ದನ್ನು ಕನಿಷ್ಠ ಮೂರು ತಿಂಗಳು ಬಿಡದೆ ಹಿಡಿಯಿರಿ. ತಂತ್ರಾಂಶಗಳು ಬರುತ್ತವೆ, ಬೆಲೆ ಬದಲಾಗುತ್ತದೆ, ಕಂಪನಿಗಳು ಕೈ ಬದಲಾಯಿಸುತ್ತವೆ. ಅಳತೆಯಲ್ಲಿ ಯೋಚಿಸುವ ಅಭ್ಯಾಸವನ್ನೂ ಎಲ್ಲಿ ಬೇಕಾದರೂ ತೆರೆಯುವ ಫೈಲನ್ನೂ ನಿಮ್ಮಲ್ಲಿ ಉಳಿಸಿಕೊಡುವ ತಂತ್ರಾಂಶವೇ ಕಲಿಯುವವರಿಗೆ ಒಳ್ಳೆಯ ತಂತ್ರಾಂಶ.